ಹೂವು ಉಳಿಸಿ ಹಿನ್ನೆಲೆ ಕತ್ತರಿಸಿದ್ರಿ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಲಿ ಹೂವಿನ ಸ್ಟಿಲ್ ಲೈಫ್ (ಹೂವು, ಹಣ್ಣು, ಪಾತ್ರೆಯಂಥ ನಿಶ್ಚಲ ವಸ್ತುಗಳ) ಚಿತ್ರಗಳ ಬಗ್ಗೆ ಒಂದು ಲೇಖನ ಹಾಕಿದ್ರಿ, ಖುಷಿ ಆಯ್ತು. ಪೇಪರ್‌ನೋರಿಗೆ ಪೇಂಟಿಂಗ್ ನೆನಪಾಗೋದೇ ಯಾವುದಾದ್ರೂ ಒಂದು ಹರಾಜಲ್ಲಿ ಕೋಟಿಗಟ್ಟಲೆಗೆ ಹೋದಾಗ, ಇಲ್ಲಾ ಮ್ಯೂಸಿಯಂನಿಂದ ಕಳುವಾದಾಗ. ಅಂಥದ್ರಲ್ಲಿ ಸುಮ್ನೆ ಹೂವಿನ ಚಿತ್ರದ ಬಗ್ಗೆ ಅರ್ಧ ಪುಟ ಕೊಟ್ಟಿದ್ದೇ ದೊಡ್ಡದು. ಲೇಖನದಲ್ಲಿ ನನಗೆ ತಕರಾರು ಇರೋದು ಒಂದೇ ಒಂದು ಸಾಲಿಗೆ, ಅದಕ್ಕೆ ಆಮೇಲೆ ಬರ್ತೀನಿ. ದೊಡ್ಡ ತಕರಾರು ಜೊತೆಗೆ ಹಾಕಿದ್ದ ಚಿತ್ರದ ಮೇಲೆ. ಹೂದಾನಿ ಮತ್ತು ಹೂಗೊಂಚಲನ್ನಷ್ಟೇ ಕತ್ತರಿಸಿ ತೆಗೆದು, ಬಿಳಿ ಪುಟದ ಮೇಲೆ ಇಟ್ಟು, ಸುತ್ತಲೂ ಅಕ್ಷರ ಹರಿಸಿದ್ದೀರಿ. ಎಸಳುಗಳ ಅಂಚಲ್ಲಿ ಅಲ್ಲಲ್ಲಿ ಕಪ್ಪು ಅಂಟಿಕೊಂಡೇ ಇತ್ತು, ಅಂದ್ರೆ ಮೂಲದಲ್ಲಿ ಕಪ್ಪು ಹಿನ್ನೆಲೆ ಇದ್ದ ಹಳೇ ಡಚ್ ಶೈಲಿಯ ಚಿತ್ರ. ಅದೂ ಸಾಲದು ಅಂತ ಬಣ್ಣ ಬೇರೆ ಏರಿಸಿದ್ದೀರಿ, ಕೆಂಪು ಕಣ್ಣಿಗೆ ಹೊಡೆಯುತ್ತೆ, ಎಲೆಗಳು ಪ್ಲಾಸ್ಟಿಕ್ ಹಸಿರು. ಕೆಳಗೆ ಕಲಾವಿದರ ಹೆಸರಿಲ್ಲ, ವರ್ಷ ಇಲ್ಲ, ಅಳತೆ ಇಲ್ಲ.

ಇಷ್ಟಕ್ಕೆಲ್ಲಾ ಒಂದು ಪತ್ರಾನಾ ಅಂತ ನಿಮಗೆ ಅನ್ನಿಸಬಹುದು. ಪೇಜ್ ಮಾಡೋರ ಕಷ್ಟ ನನಗೆ ಅರ್ಥ ಆಗುತ್ತೆ. ನ್ಯೂಸ್‌ಪ್ರಿಂಟ್ ಕಾಗದದ ಬಣ್ಣವೇ ಮೊದಲು ಬೂದು, ಮೇಲೆ ಇಂಕ್ ಹೀರಿಕೊಳ್ಳುತ್ತೆ, ಚುಕ್ಕಿಗಳು ಹರಡಿಕೊಂಡು ಎಲ್ಲಾ ಮಂಕಾಗಿ ಬರುತ್ತೆ, ಹಾಗಾಗಿ ಪ್ರಿಂಟ್‌ಗೆ ಕಳಿಸೋ ಮೊದಲೇ ಸ್ವಲ್ಪ ಜಾಸ್ತಿ ಬಣ್ಣ ತುಂಬಿ ಕಳಿಸ್ತಾರೆ. ಮಂತ್ರಿಗಳ ಫೋಟೋಗೆ ಹಾಗೆ ಮಾಡಿದ್ರೆ ಯಾರಿಗೂ ನಷ್ಟ ಇಲ್ಲ, ಅವರಿಗೂ ಖುಷೀನೇ. ಆದ್ರೆ ಹೂವಿನ ಪೇಂಟಿಂಗಲ್ಲಿ ಕಥೆ ಇಲ್ಲ, ಮುಖಭಾವ ಇಲ್ಲ, ದೇವರಿಲ್ಲ, ಯುದ್ಧ ಇಲ್ಲ. ಒಂದು ಬಣ್ಣದ ಪಕ್ಕ ಇನ್ನೊಂದು ಬಣ್ಣ ಎಷ್ಟು ಗಟ್ಟಿ, ಎಷ್ಟು ಮೆತ್ತಗೆ ಇರಬೇಕು ಅನ್ನೋ ಲೆಕ್ಕ ಒಂದೇ ಅಲ್ಲಿರೋದು. ಆ ಲೆಕ್ಕ ಕೆಡಿಸಿದ್ರೆ ಓದುಗರಿಗೆ ಸಿಗೋದು ಗ್ರೀಟಿಂಗ್ ಕಾರ್ಡು.

ಸುಮ್ನೆ ಹೇಳ್ತಿದೀನಿ ಅನ್ಸಿದ್ರೆ ಒಂದು ಪರೀಕ್ಷೆ ಮಾಡಿ ನೋಡಿ. ಒಳ್ಳೆ ಹೂವಿನ ಚಿತ್ರದ ಒಳ್ಳೆ ಪ್ರಿಂಟ್ ಒಂದು ತಗೊಳ್ಳಿ, ಬಿಳಿ ಗುಲಾಬಿ ಇದ್ರೆ ಇನ್ನೂ ಒಳ್ಳೇದು. ಒಂದು ಹಾಳೆಲಿ ಕಡಲೆಕಾಳಿನಷ್ಟು ತೂತು ಮಾಡಿ ಆ ಬಿಳಿ ಗುಲಾಬಿ ಮೇಲೆ ಇಟ್ಟು ನಿಧಾನಕ್ಕೆ ಸರಿಸ್ತಾ ಹೋಗಿ. ತೂತಲ್ಲಿ ಬೂದು ಕಾಣುತ್ತೆ, ಆಮೇಲೆ ತಿಳಿ ಹಸಿರು, ಒಳಗಿನ ಸುರುಳಿಲಿ ಸ್ವಲ್ಪ ಹಳದಿ, ನೆರಳಿನ ಕಡೆ ನೇರಳೆ ಥರದ್ದು, ಕೆಲವು ಕಡೆ ಬರೀ ಮಣ್ಣಿನ ಬಣ್ಣ. ಅಪ್ಪಟ ಬಿಳಿ ಸಿಗೋದು ಎಲ್ಲೋ ಒಂದೆರಡು ಕಡೆ, ಎಸಳು ಮಡಚಿದ ತುದಿಲಿ. ಹಾಳೆ ತೆಗೀರಿ, ತಕ್ಷಣ ಅಷ್ಟೂ ಬೂದು ಸೇರಿ ಮತ್ತೆ ಬೆಳ್ಳಗಿನ ಗುಲಾಬಿ ಆಗುತ್ತೆ. ಸುತ್ತ ಏನಿದೆ ಅಂತ ನೋಡಿ ಕಣ್ಣು ತೀರ್ಮಾನ ಮಾಡೋದ್ರಿಂದ ಹೀಗಾಗೋದು, ಆ ಸುತ್ತಲಿನದ್ದನ್ನೇ ನೀವು ಕತ್ತರಿಸಿ ಎಸೆದಿದ್ದೀರಿ.

ಇದನ್ನ ಕಲಾವಿದರು ಅನುಭವದಿಂದ ತಿಳ್ಕೊಂಡಿದ್ರು, ವಿಜ್ಞಾನದ ಭಾಷೇಲಿ ಕೂತು ಬರೆದಿದ್ದು ಶೆವ್ರಲ್ ಅನ್ನೋ ಫ್ರೆಂಚ್ ಕೆಮಿಸ್ಟ್. ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೇಲಿ ಬಣ್ಣ ಹಾಕೋ ವಿಭಾಗದ ಮುಖ್ಯಸ್ಥ ಅವರು. ಅಲ್ಲಿ ಕಪ್ಪು ದಾರ ಸಾಕಷ್ಟು ಕಪ್ಪಾಗಿ ಕಾಣಲ್ಲ ಅಂತ ದೂರು ಬಂತು, ಇವರು ಪರೀಕ್ಷೆ ಮಾಡಿದ್ರೆ ದಾರದ ಬಣ್ಣದಲ್ಲಿ ದೋಷ ಏನೂ ಇಲ್ಲ, ಪಕ್ಕದಲ್ಲಿ ನೀಲಿ ನೇರಳೆ ದಾರ ಇರೋದ್ರಿಂದ ಕಪ್ಪು ಸಪ್ಪೆ ಆಗಿ ಕಾಣ್ತಿದೆ. ಅದೇ ಎಳೆ ಹಿಡ್ಕೊಂಡು ಹೋಗಿ 1839ರಲ್ಲಿ ದೊಡ್ಡ ಪುಸ್ತಕವನ್ನೇ ತಂದರು. ಎರಡು ಬಣ್ಣ ಪಕ್ಕಪಕ್ಕ ಇಟ್ರೆ ಒಂದು ಇನ್ನೊಂದನ್ನ ತನ್ನಿಂದ ದೂರ ತಳ್ಳುತ್ತೆ, ಕಿತ್ತಳೆ ಪಕ್ಕದ ಬೂದು ನೀಲಿ ಕಡೆ ವಾಲುತ್ತೆ, ಹಸಿರು ಪಕ್ಕದ ಕೆಂಪು ಇನ್ನೂ ಕೆಂಪಾಗುತ್ತೆ, ಇಂಥವೆಲ್ಲಾ. ಆಮೇಲಿನ ಫ್ರೆಂಚ್ ಕಲಾವಿದರು ಇದನ್ನ ಚೆನ್ನಾಗಿ ಬಳಸಿಕೊಂಡರು.

ಹಿನ್ನೆಲೆ ಅಂದ್ರೆ ಖಾಲಿ ಜಾಗ ಅಂದ್ಕೊಳ್ಳೋರು ಒಮ್ಮೆ ಫಾಂತಾ-ಲಾತೂರ್ ಚಿತ್ರಗಳನ್ನ ನೋಡಬೇಕು. 1836ರಿಂದ 1904ರವರೆಗೆ ಬದುಕಿದ್ದ ಫ್ರೆಂಚ್ ಕಲಾವಿದ, ಗುಲಾಬಿಗೆ ಹೆಸರುವಾಸಿ. ಹೂವುಗಳ ಹಿಂದೆ ಏನೂ ಇರಲ್ಲ, ಗೋಡೆನಾ ಗಾಳಿನಾ ಗೊತ್ತಾಗದ ಒಂದು ಬೂದುಗಂದು. ಆದ್ರೆ ಆ ಬೂದು ಪ್ರತಿ ಚಿತ್ರದಲ್ಲೂ ಬೇರೆ, ಹಳದಿ ಗುಲಾಬಿ ಇದ್ದಾಗ ಒಂದು ಥರ, ನಸುಗೆಂಪು ಇದ್ದಾಗ ಇನ್ನೊಂದು ಥರ. ತೆಳ್ಳಗೆ ಹಚ್ಚಿ ಉಜ್ಜಿ ಉಜ್ಜಿ ಕ್ಯಾನ್ವಾಸಿನ ನೇಯ್ಗೆ ಕಾಣೋ ಹಾಗೆ ಬಿಟ್ಟಿರ್ತಾರೆ, ಹಾಗಾಗಿ ಮುಂದಿನ ಎಸಳಿನ ದಪ್ಪ ಬಣ್ಣ ಕೈಗೆ ಸಿಗೋ ಥರ ಎದ್ದು ನಿಲ್ಲುತ್ತೆ. ಅಂಥ ಚಿತ್ರದ ಹಿನ್ನೆಲೆ ತೆಗೆದು ಬಿಳಿ ಹಾಳೆ ಮೇಲೆ ಇಟ್ರೆ ಆ ಗುಲಾಬಿಗಳು ಕೊಳೆಯಾದ ಹಾಗೆ ಕಾಣ್ತವೆ, ಯಾಕಂದ್ರೆ ಕಾಗದದ ಬಿಳಿ ಮುಂದೆ ಅವರ ಯಾವ ಬಿಳಿಯೂ ನಿಲ್ಲಲ್ಲ. ಆಗ ಡಿಸೈನರ್ ಏನು ಮಾಡ್ತಾರೆ, ಬ್ರೈಟ್‌ನೆಸ್ ಏರಿಸ್ತಾರೆ. ನಿಮ್ಮ ಪುಟದಲ್ಲಿ ಆಗಿರೋದೂ ಇದೇ, ಮೊದಲ ಕೆಲಸದಿಂದಾದ ಹಾನಿ ಮುಚ್ಚೋಕೆ ಎರಡನೇ ಕೆಲಸ.

ಡಚ್ಚರ ಕಪ್ಪು ಹಿನ್ನೆಲೆ ವಿಷಯ ಇನ್ನೂ ಸೂಕ್ಷ್ಮ. ಅದು ಡಬ್ಬಿ ಕಪ್ಪಲ್ಲ, ಕಂದು ಹಸಿರು ಸೇರಿದ ಕತ್ತಲೆ. ಬಿಳಿ, ಹಳದಿ, ನಸುಗೆಂಪು ಹೂಗಳನ್ನ ಬೆಳಕು ಬೀಳೋ ನಡುಭಾಗಕ್ಕೆ ತಂದು, ಕಡು ನೀಲಿ ನೇರಳೆ ಹೂಗಳನ್ನ ಅಂಚಿಗೆ ಸರಿಸ್ತಾರೆ, ಅಲ್ಲಿ ಅವು ಅರ್ಧ ಕತ್ತಲೆಗೆ ಕರಗಿ ಹೋಗ್ತವೆ. ಗೊಂಚಲು ಗುಂಡಗೆ, ಆಳವಾಗಿ ಕಾಣೋದು ಆ ಕರಗುವಿಕೆಯಿಂದ. ಅಂಚಿನ ಆ ಹೂಗಳನ್ನ ಕಂಪ್ಯೂಟರಲ್ಲಿ ನೀಟಾಗಿ ಗೆರೆ ಎಳೆದು ಕತ್ತರಿಸಿದ್ರೆ ಎಲ್ಲಾ ಹೂವೂ ಒಂದೇ ಸಾಲಿಗೆ ಬಂದು ನಿಲ್ತವೆ, ಚಪ್ಪಟೆ.

ಅವರ ಕೆಂಪಿನ ಗುಟ್ಟೂ ಹೇಳಿಬಿಡ್ತೀನಿ. ಕೆಂಪು ಹೂವಿಗೆ ಮೊದಲು ಇಂಗುಲೀಕ (ವರ್ಮಿಲಿಯನ್) ಅನ್ನೋ ದಟ್ಟ ಕೆಂಪಲ್ಲಿ ಆಕಾರ, ಬೆಳಕು, ನೆರಳು ಎಲ್ಲಾ ಮುಗಿಸ್ತಿದ್ರು. ಅದು ಒಣಗಿದ ಮೇಲೆ ಕೊಚಿನೀಲ್ ಹುಳದಿಂದಲೋ ಮಂಜಿಷ್ಠದ ಬೇರಿನಿಂದಲೋ ಮಾಡಿದ ಪಾರದರ್ಶಕ ಕೆಂಪನ್ನ ಎಣ್ಣೇಲಿ ತೆಳ್ಳಗೆ ಹಚ್ಚೋದು. ಬೆಳಕು ಮೇಲಿನ ಪದರ ದಾಟಿ ಒಳಗೆ ಹೋಗಿ, ಕೆಳಗಿನ ಪದರಕ್ಕೆ ತಾಗಿ, ಮತ್ತೆ ಕೆಂಪಲ್ಲೇ ಅದ್ದಿಕೊಂಡು ಹೊರಗೆ ಬರುತ್ತೆ. ಒಂದೇ ಕೆಂಪನ್ನ ದಪ್ಪಗೆ ಬಳಿದ್ರೆ ಆ ಆಳ ಬರಲ್ಲ, ಕಂಪ್ಯೂಟರಲ್ಲಿ ಸ್ಯಾಚುರೇಷನ್, ಅಂದ್ರೆ ಬಣ್ಣದ ಗಾಢತೆ, ಏರಿಸಿದ್ರಂತೂ ಬರೋದೇ ಇಲ್ಲ.

ಈಗ ಆ ಒಂದು ಸಾಲಿಗೆ ಬರ್ತೀನಿ. ಹೂವಿನ ಚಿತ್ರ ಅಂದ್ರೆ ಎದುರಿಗಿರೋ ಹೂವಿನ ಬಣ್ಣವನ್ನ ಇದ್ದ ಹಾಗೇ ಇಳಿಸೋ ಕಲೆ, ಅದಕ್ಕೇ ಕಲಿಯೋರಿಗೆ ಸುಲಭ ಅಂತ ಲೇಖಕರು ಬರೆದಿದ್ದಾರೆ. ಲೇಖಕರ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಇದು ತಪ್ಪು. 17ನೇ ಶತಮಾನದ ಶುರುವಿನ ಕಲಾವಿದ ಆಂಬ್ರೋಸಿಯಸ್ ಬೋಸ್ಕಾರ್ಟ್ ಚಿತ್ರಗಳನ್ನೇ ನೋಡಿ, ವಸಂತದ ಟ್ಯೂಲಿಪ್ ಜೊತೆ ಬೇಸಿಗೆಯ ಗುಲಾಬಿ ಒಂದೇ ಹೂದಾನಿಲಿ. ಎರಡೂ ಒಟ್ಟಿಗೆ ಅರಳೋ ಹೂವಲ್ಲ. ಒಂದೊಂದು ಹೂವನ್ನೂ ಅದರ ಕಾಲದಲ್ಲಿ ಬಿಡಿಯಾಗಿ ಬರೆದಿಟ್ಕೊಂಡು ಆಮೇಲೆ ಜೋಡಿಸ್ತಿದ್ರು. ಅಂದ್ರೆ ಆ ಗೊಂಚಲು ಯಾವತ್ತೂ ಯಾರ ಎದುರಿಗೂ ಇರಲೇ ಇಲ್ಲ, ಯಾವ ಬಣ್ಣದ ಪಕ್ಕ ಯಾವುದು ಅನ್ನೋದು ಪೂರ್ತಿ ಕಲಾವಿದನ ತೀರ್ಮಾನ. ಯಾನ್ ವಾನ್ ಹೌಸಮ್ ಅಂತ ಇನ್ನೊಬ್ಬರು, 1742ರಲ್ಲಿ ತಮ್ಮ ಗಿರಾಕಿಗೆ ಕಾಗದ ಬರೆದು, ಹಳದಿ ಗುಲಾಬಿ ಒಂದು ಸಿಗದೆ ಚಿತ್ರ ಮುಗಿದಿಲ್ಲ ಅಂದಿದ್ರಂತೆ. ಬೇರೆ ಹೂವು ಹಾಕಿ ಕೈತೊಳ್ಕೋಬಹುದಿತ್ತಲ್ಲ, ಇಲ್ಲ, ಆ ಜಾಗಕ್ಕೆ ಆ ಹಳದೀನೇ ಬೇಕು. ಗಿರಾಕಿ ಸಾಮಾನ್ಯದವರಲ್ಲ, ಜರ್ಮನಿಯ ಒಬ್ಬ ಡ್ಯೂಕ್!

ಸುಲಭ ಅನ್ನೋ ಮಾತು ಹೊಸದೇನಲ್ಲ ಬಿಡಿ. 1667ರಲ್ಲೇ ಫ್ರಾನ್ಸಿನ ರಾಜ ಕಲಾ ಅಕಾಡೆಮಿಯ ಫೆಲಿಬಿಯೆನ್ ಚಿತ್ರಗಳಿಗೆಲ್ಲಾ ಮೆಟ್ಟಿಲು ಹಾಕಿ, ಚರಿತ್ರೆ ಪುರಾಣದ ಚಿತ್ರ ಮೇಲೆ, ಹಣ್ಣು ಹೂವು ಬರೆಯೋದು ತೀರಾ ಕೆಳಗೆ ಅಂತ ಇಟ್ಟುಬಿಟ್ರು. ಬೆತ್ತಲೆ ಮಾಡೆಲ್ ನೋಡಿ ಬರೆಯೋ ತರಗತಿಗೆ ಹೆಂಗಸರನ್ನ ಸೇರಿಸ್ತಿರಲಿಲ್ಲ, ಹಾಗಾಗಿ ಎಷ್ಟೋ ಹೆಂಗಸರು ಹೂವಿನ ಕಡೆಗೇ ಬಂದ್ರು, ಆಮೇಲೆ ಹೆಂಗಸರು ಬರೆಯೋದು ಅಂತ ಅದನ್ನ ಇನ್ನೂ ಕೆಳಗೆ ತಳ್ಳಿದ್ರು. ಡಚ್ ಕಲಾವಿದೆ ರೇಚಲ್ ರೌಶ್ ಅಂಥವರು ಇದ್ಯಾವುದನ್ನೂ ತಲೆಗೆ ಹಾಕ್ಕೊಳ್ಳಲಿಲ್ಲ. 1664ರಲ್ಲಿ ಹುಟ್ಟಿದವರು, ಅಪ್ಪ ಅಂಗರಚನೆ ಮತ್ತು ಸಸ್ಯಶಾಸ್ತ್ರದ ಪ್ರೊಫೆಸರ್, 1708ರಿಂದ ಒಬ್ಬ ಜರ್ಮನ್ ರಾಜನ ಆಸ್ಥಾನದ ಕಲಾವಿದೆ, ಹತ್ತು ಮಕ್ಕಳ ತಾಯಿ, ಎಂಬತ್ತು ದಾಟಿದ ಮೇಲೂ ಕುಂಚ ಬಿಟ್ಟಿರಲಿಲ್ಲ. ಅವರ ಒಂದು ಚಿತ್ರದಲ್ಲಿ ಬರೀ ಎಲೆಗಳ ಹಸಿರನ್ನೇ ಗಮನಿಸಿ, ಬೆಳಕಲ್ಲಿರೋದು, ಮಗುಚಿಕೊಂಡಿರೋದು, ಹುಳ ತಿಂದಿದ್ದು, ಒಣಗ್ತಿರೋದು, ಎಲ್ಲಾ ಬೇರೆ ಬೇರೆ ಹಸಿರು. ಸುಲಭ ಅಂತೆ.

ಬಣ್ಣ ಕಲಿಯೋಕೆ ಹೂವಿಗಿಂತ ಒಳ್ಳೆ ಮೇಷ್ಟ್ರು ಇಲ್ಲ ಅಂತ ನಾನು ಹೇಳೋದಕ್ಕಿಂತ ವ್ಯಾನ್ ಗೋ ಮಾಡಿದ್ದನ್ನ ನೋಡಿ. 1886ರಲ್ಲಿ ಪ್ಯಾರಿಸ್‌ಗೆ ಬಂದಾಗ ಮಾಡೆಲ್‌ಗಳಿಗೆ ಕೊಡೋಕೆ ದುಡ್ಡಿಲ್ಲ, ಹಾಗಾಗಿ ಒಂದರ ಮೇಲೊಂದು ಹೂವಿನ ಚಿತ್ರ ಬರೆದ್ರು. ಅದಕ್ಕೂ ಮೊದಲು ಹಾಲೆಂಡಲ್ಲಿ ಅವರು ಬರೀತಿದ್ದಿದ್ದು ಆಲೂಗಡ್ಡೆ ಮಣ್ಣಿನ ಬಣ್ಣದ ಚಿತ್ರಗಳು. ನೀಲಿಗೆ ಎದುರಾಗಿ ಕಿತ್ತಳೆ, ಕೆಂಪಿಗೆ ಹಸಿರು, ಹಳದಿಗೆ ನೇರಳೆ, ಇವನ್ನ ಹುಡುಕ್ತಾ ಇದ್ದೀನಿ ಅಂತ ಒಬ್ಬ ಸ್ನೇಹಿತರಿಗೆ ಕಾಗದದಲ್ಲಿ ಬರೆದಿದ್ದಾರೆ. ಎರಡು ವರ್ಷ ಕಳೆದು 1888ರ ಆಗಸ್ಟಲ್ಲಿ ಫ್ರಾನ್ಸಿನ ಆರ್ಲ್ ಊರಲ್ಲಿ, ಕಲಾವಿದ ಸ್ನೇಹಿತ ಗೊಗ್ಯಾನ್ ಬರ್ತಾರೆ ಅಂತ ಅವರ ಕೋಣೆಗೆ ಸೂರ್ಯಕಾಂತಿ ಬರೆಯೋ ಹೊತ್ತಿಗೆ ಆ ಎದುರುಬದುರು ಬಣ್ಣಗಳನ್ನೂ ಬಿಟ್ಟು, ಹಳದಿ ಹೂವು, ಹಳದಿ ಹೂದಾನಿ, ಹಳದಿ ಮೇಜು, ಹಳದಿ ಗೋಡೆ! ಲಂಡನ್ನಿನ ನ್ಯಾಷನಲ್ ಗ್ಯಾಲರಿಲಿ ಇರೋದು ಅದೇ. ಅಷ್ಟೂ ಹಳದಿ ಒಂದರಲ್ಲೊಂದು ಮುಳುಗದ ಹಾಗೆ ಹಿಡಿದಿರೋದು ಹಸಿರು ತೊಟ್ಟುಗಳು, ಮತ್ತೆ ಮೇಜಿನ ಅಂಚಿಗೆ ಎಳೆದ ಒಂದು ತೆಳು ನೀಲಿ ಗೆರೆ. ಆ ಗೆರೆ ಬೆರಳಲ್ಲಿ ಮುಚ್ಚಿ ನೋಡಿ, ಹೂದಾನಿ ಎಲ್ಲೂ ನಿಂತ ಹಾಗೇ ಕಾಣಲ್ಲ.

1890ರ ಮೇ ತಿಂಗಳಲ್ಲಿ ಬರೆದ ಅವರ ಎರಡು ಐರಿಸ್ ಹೂವಿನ ಚಿತ್ರಗಳನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ನಾನು ಹೇಳ್ತಿರೋ ಹಿನ್ನೆಲೆ ವಿಷಯ ಪೂರ್ತಿ ತಿಳಿಯುತ್ತೆ. ಎರಡರಲ್ಲೂ ನೇರಳೆ ಐರಿಸ್, ಎರಡರಲ್ಲೂ ಹೂದಾನಿ. ಒಂದಕ್ಕೆ ನಿಂಬೆ ಹಳದಿ ಹಿನ್ನೆಲೆ, ನೇರಳೆ ಮೇಲೆ ಜಗಳಕ್ಕೇ ಬಂದ ಹಾಗಿದೆ, ಬೇಕಂತಲೇ ಹಾಗೆ ಮಾಡಿದ್ದು, ಅದು ಆಮ್‌ಸ್ಟರ್‌ಡ್ಯಾಮಲ್ಲಿದೆ. ಇನ್ನೊಂದಕ್ಕೆ ನಸುಗೆಂಪು ಹಿನ್ನೆಲೆ, ನೇರಳೆ ಹಸಿರು ನಸುಗೆಂಪು ಮೂರೂ ಮೃದುವಾಗಿ ಹೊಂದಿಕೊಳ್ಳಲಿ ಅಂತ. ಅದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಈಗ ಹೋಗಿ ನೋಡಿದ್ರೆ ನಸುಗೆಂಪು ಇಲ್ಲವೇ ಇಲ್ಲ, ಹಿನ್ನೆಲೆ ಹತ್ತತ್ರ ಬಿಳಿ. ಅವರು ಬಳಸಿದ್ದ ಜೆರೇನಿಯಂ ಲೇಕ್ ಅನ್ನೋ ಕೆಂಪು ಬೆಳಕಿಗೆ ತಡೆಯಲ್ಲ, ಹಾರಿಹೋಯ್ತು. ನೇರಳೆ ಮಾಡೋಕೆ ನೀಲಿ ಜೊತೆ ಬೆರೆಸಿದ್ದೂ ಅದೇ ಥರದ ಕೆಂಪು, ಅಲ್ಲೂ ಹಾರಿತು, ಐರಿಸ್‌ಗಳು ನೀಲಿ ಆಗಿ ಕೂತವು. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಲಿರೋ ಅದೇ ವರ್ಷದ ಗುಲಾಬಿಗಳೂ ಅಷ್ಟೇ, ಹಸಿರು ಹಿನ್ನೆಲೆ ಮುಂದೆ ಬಿಳಿ ಗುಲಾಬಿ ಅಂತ ಜನ ನೋಡಿ ಮೆಚ್ಚಿ ಬರ್ತಾರೆ, ಅವು ಹುಟ್ಟಿದ್ದು ನಸುಗೆಂಪು ಆಗಿ. ಕೆಂಪು ಹಸಿರಿನ ಆಟ ಆಗಿದ್ದ ಚಿತ್ರ ಈಗ ತಣ್ಣಗಿನ ಬಿಳಿ ಹಸಿರು ಚಿತ್ರ. ಈ ಬಣ್ಣಗಳು ನಿಲ್ಲಲ್ಲ ಅಂತ ಅವರಿಗೆ ಗೊತ್ತಿತ್ತು, ತಮ್ಮನಿಗೆ ಬರೆದ ಕಾಗದಗಳಲ್ಲಿ ಇದೆ, ಕಾಲ ಹೇಗಿದ್ರೂ ಮೆತ್ತಗೆ ಮಾಡುತ್ತೆ ಅಂತ ಬೇಕಂತಲೇ ಗಟ್ಟಿಯಾಗಿ ಹಚ್ಚಬೇಕು ಅಂದ್ಕೊಂಡವರು.

ಸೂರ್ಯಕಾಂತಿಗೂ ಕಾಟ ತಪ್ಪಿಲ್ಲ. ಅದರ ಕ್ರೋಮ್ ಹಳದಿ ಅಂದ್ರೆ ಲೆಡ್ ಕ್ರೋಮೇಟ್, ಅದರಲ್ಲೂ ತಿಳಿ ನಿಂಬೆ ಬಣ್ಣದ ಬಗೆ ಬೆಳಕಿಗೆ ಬೇಗ ಕಂದಾಗುತ್ತೆ, ಒಳಗಿನ ಕ್ರೋಮಿಯಂ ಒಂದು ರೂಪದಿಂದ ಇನ್ನೊಂದಕ್ಕೆ ತಿರುಗೋದೇ ಕಾರಣ ಅಂತ 2011ರ ಸುಮಾರಿಗೆ ಎಕ್ಸ್‌ರೇ ಸಂಶೋಧನೆ ಮಾಡಿ ತೋರಿಸಿದ್ರು. ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂನೋರು ತಮ್ಮ ಸೂರ್ಯಕಾಂತಿಯನ್ನ ಇನ್ನು ಎಲ್ಲಿಗೂ ಕಳಿಸಲ್ಲ ಅಂತ 2019ರಲ್ಲಿ ಹೇಳಿಬಿಟ್ರು.

ಹಳೇ ಡಚ್ ಚಿತ್ರಗಳಲ್ಲಿ ಎಲೆಗಳು ಒಂಥರಾ ನೀಲಿ ಇರೋದನ್ನ ನೀವೂ ಗಮನಿಸಿರಬಹುದು, ವಾನ್ ಹೌಸಮ್ ಚಿತ್ರಗಳಲ್ಲಂತೂ ಎದ್ದು ಕಾಣುತ್ತೆ. ಅದು ಶೈಲಿ ಅಲ್ಲ. ನೀಲಿಗೆ ಗಿಡದಿಂದ ತೆಗೆದ ಹಳದಿ ಸೇರಿಸಿ ಹಸಿರು ಮಾಡಿದ್ರು, ಹಳದಿ ಬಿಸಿಲಿಗೆ ಹೋಯ್ತು, ನೀಲಿ ಉಳೀತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿ ಅಬ್ರಹಾಂ ಮಿನ್ಯೋನ್ ಬರೆದ ಒಂದು ಹೂವು ಮತ್ತು ಗಡಿಯಾರದ ಚಿತ್ರ ಇದೆ, ಅದರಲ್ಲಿ ಒಂದು ಹಳದಿ ಗುಲಾಬಿ ಮಾತ್ರ ಉಳಿದವುಗಳ ನಡುವೆ ಕಾಗದ ಕತ್ತರಿಸಿ ಅಂಟಿಸಿದ ಹಾಗೆ ಚಪ್ಪಟೆ. ಅಷ್ಟು ದೊಡ್ಡ ಕಲಾವಿದ ಈ ಒಂದು ಹೂವಿಗೆ ಸೋಮಾರಿತನ ಮಾಡಿದ್ನಾ? 2022ರಲ್ಲಿ ಪದರ ಪದರವಾಗಿ ಎಕ್ಸ್‌ರೇಯಿಂದ ಪರೀಕ್ಷೆ ಮಾಡಿ ನೋಡಿದ್ರೆ, ಅವರು ಹರಿತಾಳ ಅನ್ನೋ ಹಳದಿ ಬಣ್ಣ ಬಳಸಿ ಬೆಳಕು ನೆರಳೆಲ್ಲಾ ಚೆನ್ನಾಗೇ ಬರೆದಿದ್ರು, ಹರಿತಾಳದಲ್ಲಿರೋ ಆರ್ಸೆನಿಕ್ ಕಾಲಕ್ರಮೇಣ ಸೀಸದ ಜೊತೆ ಸೇರಿ ಬಿಳಿ ಲವಣ ಆಗಿಬಿಟ್ಟಿದೆ, ಎಸಳಿನ ತಿರುವುಗಳೆಲ್ಲಾ ಅದರಲ್ಲಿ ಮುಚ್ಚಿ ಹೋಗಿವೆ. ಆ ಕಾಲದ ಹಳದಿ ಗುಲಾಬಿ ಬರೆಯೋ ವಿಧಾನ ವಿಲ್ಲೆಮ್ ಬ್ಯೂರ್ಸ್ ಅನ್ನೋರ 1692ರ ಕೈಪಿಡಿಲಿ ಇರೋದ್ರಿಂದ ಹೋಲಿಸಿ ನೋಡೋಕೆ ಅನುಕೂಲ ಆಯ್ತು.

ಇಷ್ಟುದ್ದ ಬರೆದಿದ್ದು ಯಾಕಂದ್ರೆ, ಬೆಳಕು ನೂರಾರು ವರ್ಷ ತಗೊಂಡು ಮಾಡಿದ ಹಾನೀನ ಸರಿಯಾಗಿ ಅರ್ಥ ಮಾಡ್ಕೊಳ್ಳೋಕೆ ಅಲ್ಲಿ ಮ್ಯೂಸಿಯಂನೋರು ಅಷ್ಟು ಒದ್ದಾಡ್ತಿದ್ದಾರೆ, ಇಲ್ಲಿ ಪತ್ರಿಕೆ ಡೆಸ್ಕಲ್ಲಿ ಅದೇ ಹಾನಿ ಎರಡು ಕ್ಲಿಕ್‌ಗೆ ಆಗ್ತಿದೆ. ಮಾರನೇ ದಿನ ನಿಮ್ಮ ವಾಚಕರ ವಾಣಿಲಿ ಒಬ್ಬರು, ಎಷ್ಟು ಕಲರ್‌ಫುಲ್ ಆಗಿತ್ತು ಪುಟ ಅಂತ ಹೊಗಳಿ ಬರೆದಿದ್ರು. ಅವರದ್ದು ತಪ್ಪಿಲ್ಲ, ಅವರು ಹೊಗಳಿದ್ದು ನಿಮ್ಮ ಡಿಸೈನರನ್ನ. ಚಿತ್ರ ಬರೆದವರು ಅಷ್ಟೊಂದು ಕಲರ್‌ಫುಲ್ ಮಾಡಿರಲ್ಲ. ಅವರ ಪ್ಯಾಲೆಟ್ಟಲ್ಲಿ ಮುಕ್ಕಾಲು ಭಾಗ ಕಂದು, ಬೂದು, ಮಂಕು ಹಸಿರು, ಉಳಿದ ಒಂದಿಷ್ಟು ಜಾಗದಲ್ಲಿ ಕೆಂಪು ಹಳದಿ. ಫ್ರೆಂಚ್ ಕಲಾವಿದ ಶಾರ್ಡಾನ್ ಬರೆದು ಉಳಿದಿರೋ ಒಂದೇ ಒಂದು ಹೂವಿನ ಚಿತ್ರ ಎಡಿನ್‌ಬರೋದಲ್ಲಿದೆ, ಅದರಲ್ಲಿ ಬೂದುಗಂದು ಬಿಟ್ರೆ ಒಂದಿಷ್ಟು ಬಿಳಿ, ಒಂದಿಷ್ಟು ನೀಲಿ, ಅಲ್ಲಲ್ಲಿ ಕೆಂಪು, ಮುಗೀತು. ಇನ್ನೊಬ್ಬ ಫ್ರೆಂಚ್ ಕಲಾವಿದ ಮಾನೆ 1882ರಲ್ಲಿ, ಕಾಯಿಲೆ ಜೋರಾಗಿ ದೊಡ್ಡ ಕ್ಯಾನ್ವಾಸ್ ಮುಂದೆ ನಿಲ್ಲೋಕಾಗದೆ ಇದ್ದಾಗ, ಸ್ನೇಹಿತರು ತಂದುಕೊಟ್ಟ ಹೂಗುಚ್ಛಗಳನ್ನ ಸಣ್ಣ ಸಣ್ಣ ಕ್ಯಾನ್ವಾಸ್ ಮೇಲೆ ಬರೆದ್ರು. ಗಾಜಿನ ಲೋಟದಲ್ಲಿ ಬಿಳಿ ಲೈಲಾಕ್ ಹೂವು, ಹಿಂದೆ ಕತ್ತಲು, ನೀರೊಳಗಿನ ತೊಟ್ಟುಗಳಿಗೆ ಬೂದು ಹಸಿರಿನ ನಾಲ್ಕಾರು ಗೀಟು. ಅದಕ್ಕೆ ನಿಮ್ಮ ಡೆಸ್ಕಿನವರು ಯಾವ ಬಣ್ಣ ಏರಿಸ್ತಾರೋ ನೋಡಬೇಕು ಅಂತ ನನಗೆ ಕುತೂಹಲ.

ನನ್ನ ಕೋರಿಕೆ ಇಷ್ಟೇ. ಪೇಂಟಿಂಗ್ ಹಾಕೋವಾಗ ನಾಲ್ಕು ಮೂಲೆ ಸಮೇತ ಹಾಕಿ, ಚಿಕ್ಕದಾದ್ರೂ ಪರವಾಗಿಲ್ಲ. ಮ್ಯೂಸಿಯಂಗಳೇ ಒಳ್ಳೆ ಇಮೇಜ್ ಉಚಿತವಾಗಿ ಕೊಡ್ತವೆ, ನ್ಯೂಸ್‌ಪ್ರಿಂಟ್‌ಗೆ ಬೇಕಾದಷ್ಟು ಹೊಂದಿಸಿಕೊಳ್ಳಿ, ಅದಕ್ಕಿಂತ ಮೇಲೆ ಬೇಡ, ಹೊಂದಿಸೋವಾಗ ಮೂಲವನ್ನ ಪಕ್ಕದಲ್ಲಿ ತೆರೆದಿಟ್ಕೊಂಡು ಬೂದುಗಳು ಬೂದಾಗೇ ಉಳಿದಿವೆಯಾ ಅಂತ ನೋಡಿದ್ರೆ ಸಾಕು, ಕೆಂಪು ತಾನೇ ಸರಿ ಹೋಗುತ್ತೆ. ಕೆಳಗೆ ಕಲಾವಿದರ ಹೆಸರು, ವರ್ಷ, ಎಣ್ಣೆ ಬಣ್ಣನಾ ಜಲವರ್ಣನಾ, ಅಳತೆ, ಎಲ್ಲಿದೆ, ಒಂದೇ ಸಾಲಲ್ಲಿ ಬರುತ್ತೆ. ಫೋಟೋಗ್ರಾಫರ್ ಹೆಸರು ಹಾಕ್ತೀರಲ್ಲ, ಹಾಗೇ.

ಲೇಖನದ ಎರಡನೇ ಕಂತು ಮುಂದಿನ ವಾರ ಅಂತ ಹಾಕಿದ್ದೀರಿ. ಹೂವಿನ ಚಿತ್ರ ಅಂದಮೇಲೆ ಅದರಲ್ಲಿ ಸೂರ್ಯಕಾಂತಿ ಬರದೇ ಇರಲ್ಲ. ಹಳದಿ ಗೋಡೆ, ಹಳದಿ ಮೇಜು, ಆ ನೀಲಿ ಗೆರೆ, ಎಲ್ಲಾ ಇರಲಿ. ಜಾಗ ಸಾಲದೇ ಹೋದ್ರೆ ಈ ಪತ್ರವನ್ನ ಎಲ್ಲಿ ಬೇಕಾದ್ರೂ ಕತ್ತರಿಸ್ಕೊಳ್ಳಿ, ನನ್ನ ಅಭ್ಯಂತರ ಇಲ್ಲ.

ಇಂತಿ,
ಚಿತ್ರ ಬರೆಯೋ ಹುಚ್ಚಿರೋ ನಿಮ್ಮ ಹಳೇ ಓದುಗ